ಮಗಳ ಕಾಲು ಉಳುಕಿದೆ, ನೀಲಿ ಟೇಪ್ ಅಂಟಿಸಿ ಕಬಡ್ಡಿ ಆಡಿಸಬಹುದಾ?

ಹಾಸನದ ಅಪ್ಪ
ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಒಂಬತ್ತನೇ ಕ್ಲಾಸ್, ಶಾಲೆ ಕಬಡ್ಡಿ ಟೀಮಲ್ಲಿ ರೈಡರ್. ತಾಲ್ಲೂಕು ಫೈನಲ್‌ನಲ್ಲಿ ಬೋನಸ್ ತಗೊಂಡು ತಿರುಗುವಾಗ ಎಡಪಾದ ಒಳಕ್ಕೆ ಮಡಚಿಕೊಂಡು ಬಿದ್ದಳು. ಇವತ್ತಿಗೆ ಮೂರು ದಿನ. ಹೊರಗಡೆ ಗಿಣ್ಣಿನ ಸುತ್ತ ಊದಿದೆ, ಅದರ ಕೆಳಗೆ ನೀಲಿಗಟ್ಟಿದೆ. ಕುಂಟಿಕೊಂಡು ಓಡಾಡ್ತಾಳೆ. ನಮ್ಮ ತಾಯಿ ಎಣ್ಣೆ ಹಚ್ಚಿ ಉಳುಕು ತೆಗೆಸೋಣ ಅಂತಾರೆ, ಭಾವಮೈದ ಪುತ್ತೂರು ಕಟ್ಟು ಹಾಕ್ಸಿ ಅಂತಾನೆ. ಕೋಚ್ ಮಾತ್ರ ಒಂದು ನೀಲಿ ಟೇಪ್ ಇದೆ, ಟಿವಿಯಲ್ಲಿ ಆಟಗಾರರು ಅಂಟಿಸಿಕೊಂಡಿರ್ತಾರಲ್ಲ ಅದು, ಅದನ್ನ ಹಾಕಿದ್ರೆ ಆಡಬಹುದು ಅಂತ ಧೈರ್ಯ ಹೇಳ್ತಿದ್ದಾರೆ. ಜಿಲ್ಲಾ ಮಟ್ಟದ ಪಂದ್ಯಕ್ಕೆ ಇನ್ನು ಒಂಬತ್ತು ದಿನ ಇದೆ. ಮಗಳು ಆಡಲೇಬೇಕು ಅಂತ ಹಟ ಹಿಡಿದಿದ್ದಾಳೆ. ಈ ಟೇಪ್ ನಿಜವಾಗಿ ಕೆಲಸ ಮಾಡುತ್ತಾ? ಗೊತ್ತಿರೋರು ದಯವಿಟ್ಟು ಹೇಳಿ.

ಬೆಳಗಿನ ಓಟ (ಬೆಂಗಳೂರು)
ಸರ್, ಅದಕ್ಕೆ ಕಿನಿಸಿಯೋ ಟೇಪ್ ಅಂತಾರೆ. ನಾನು ನಾಲ್ಕು ವರ್ಷದಿಂದ ಹಾಕ್ತಿದ್ದೀನಿ. ಕಬ್ಬನ್ ಪಾರ್ಕಲ್ಲಿ ಬೆಳಿಗ್ಗೆ ಓಡೋರಲ್ಲಿ ಹತ್ತಾರು ಜನರ ಮಂಡಿ ಮೇಲೆ ಕಾಣಿಸುತ್ತೆ. ನನ್ನ ಮಂಡಿಚಿಪ್ಪಿನ ಸುತ್ತ ನೋವಿತ್ತು. ಟೇಪ್ ಹಾಕಿಕೊಂಡೇ ಬೆಂಗಳೂರಿನ 10ಕೆ ಓಡಿ ಮುಗಿಸಿದೆ. ನನಗೆ ಕೆಲಸ ಮಾಡಿದೆ. ಒಳ್ಳೆ ಕಂಪನಿಯದ್ದು ತಗೊಳ್ಳಿ, ಸರಿಯಾಗಿ ಹಾಕಿಸಿ.

ದಾವಣಗೆರೆ ಫಿಸಿಯೋ
ಅಣ್ಣಾ, ಟೇಪ್ ವಿಚಾರ ಆಮೇಲೆ ಮಾತಾಡೋಣ. ಮೊದಲು ಈಗಲೇ ಮಗಳ ಪಕ್ಕ ಕೂತು ಒಂದು ಕೆಲಸ ಮಾಡಿ. ಹೊರಗಿನ ಗಿಣ್ಣಿನ ಮೂಳೆ ಇದೆಯಲ್ಲ, ಅದರ ತುದಿಯಿಂದ ಹಿಂಬದಿ ಅಂಚಿನ ಉದ್ದಕ್ಕೂ ಮೇಲಕ್ಕೆ 6 ಸೆಂಟಿಮೀಟರ್‌ವರೆಗೆ ಬೆರಳಿಂದ ಒತ್ತುತ್ತಾ ಹೋಗಿ. ಒಳಗಿನ ಗಿಣ್ಣಿಗೂ ಹಾಗೇ ಮಾಡಿ. ಆಮೇಲೆ ಪಾದದ ಹೊರ ಅಂಚಿನ ಮಧ್ಯದಲ್ಲಿ ಉಬ್ಬಿಕೊಂಡಿರೋ ಮೂಳೆ, ಒಳಗಡೆ ಕಮಾನಿನ ಮೇಲ್ಭಾಗದ ಮೂಳೆ, ಇವೆರಡನ್ನೂ ಒತ್ತಿ ನೋಡಿ. ಊದಿದ ಮಾಂಸ ನೋಯುವುದು ಬೇರೆ, ಮೂಳೆ ಮೇಲೆ ಬೆರಳಿಟ್ಟಾಗ ಹೌಹಾರುವುದು ಬೇರೆ. ಕೊನೆಗೆ, ಯಾರ ಆಸರೆಯೂ ಇಲ್ಲದೆ ನಾಲ್ಕು ಹೆಜ್ಜೆ ಇಡೋಕೆ ಹೇಳಿ, ಕುಂಟಿದ್ರೂ ಪರವಾಗಿಲ್ಲ.

ಇದು ನಾನು ಕಟ್ಟಿದ ಪರೀಕ್ಷೆ ಅಲ್ಲ. 1992ರಲ್ಲಿ ಕೆನಡಾದ ಒಟ್ಟಾವದ ವೈದ್ಯರು ರೂಪಿಸಿದ ನಿಯಮ, ಎಕ್ಸ್-ರೇ ಬೇಕೋ ಬೇಡವೋ ಅಂತ ತೀರ್ಮಾನಿಸೋಕೆ ಈಗಲೂ ಇದನ್ನೇ ಬಳಸ್ತಾರೆ. ಮೂಳೆ ಮೇಲೆ ನೋವಿದ್ರೆ ಅಥವಾ ನಾಲ್ಕು ಹೆಜ್ಜೆ ಆಗದಿದ್ರೆ ನಾಳೆ ಬೆಳಿಗ್ಗೆಯೇ ಎಕ್ಸ್-ರೇ ಮಾಡಿಸಿ. ಅಮ್ಮನಿಗೂ ಹೇಳಿ, ಈಗ ಉಳುಕು ತೆಗೆಯೋದು, ತಿಕ್ಕೋದು, ಎಳೆಯೋದು ಯಾವುದೂ ಬೇಡ. ಒಳಗೆ ಬಿರುಕು ಬಿಟ್ಟಿದ್ದರೆ ತಿಕ್ಕಿದಷ್ಟೂ ಕೆಡುತ್ತೆ.

ಪಿಟಿ ಮೇಷ್ಟ್ರು
ಮೇಡಂ ಹೇಳಿದ ಹಾಗೆ ಮಾಡಿ ಸರ್. ಇಪ್ಪತ್ತಮೂರು ವರ್ಷದಿಂದ ದೈಹಿಕ ಶಿಕ್ಷಕ ನಾನು, ಮಕ್ಕಳನ್ನ ಕಬಡ್ಡಿ, ಖೋ ಖೋ ಎರಡಕ್ಕೂ ಕರ್ಕೊಂಡು ಹೋಗಿದ್ದೀನಿ. ಕೋಚ್ ಮೇಲೆ ಕೋಪ ಬೇಡ, ಅವರ ಒತ್ತಡ ನನಗೆ ಗೊತ್ತು. ಒಳ್ಳೆ ರೈಡರ್ ಇಲ್ಲದೆ ಜಿಲ್ಲೆಗೆ ಹೋಗೋದು ಯಾರಿಗೂ ಇಷ್ಟ ಇರಲ್ಲ. ಆದ್ರೆ ಒಂದು ವಿಷಯ ಯೋಚನೆ ಮಾಡಿ. ಎದುರು ಟೀಮಿನ ಕಾರ್ನರ್ ಆಟಗಾರ್ತಿ ಮೊದಲು ಕೈ ಹಾಕೋದೇ ರೈಡರ್‌ನ ಗಿಣ್ಣಿಗೆ. ಆಂಕಲ್ ಹೋಲ್ಡ್ ಮಾಡಿ ಎಳೀತಾರೆ. ಊದಿದ ಕಾಲಿಗೆ ಬಣ್ಣದ ಟೇಪ್ ಹಾಕಿ ಕಳಿಸಿದ್ರೆ ಇಲ್ಲೇ ಹಿಡಿ ಅಂತ ಗುರುತು ಹಾಕಿ ಕಳಿಸಿದ ಹಾಗೆ.

ಗರಡಿ ಮನಿ (ಧಾರವಾಡ)
ಮೇಷ್ಟ್ರು ಹೇಳಿದ್ದು ಖರೇ ಐತ್ರಿ. ನಮ್ಮ ಪೈಲ್ವಾನರು ಮೊದಲೆಲ್ಲ ಹಳೇ ಧೋತ್ರದ ಪಟ್ಟಿ ಹರದು ಬಿಗ್ಯಾಗಿ ಕಟ್ಟಕೊಂತಿದ್ರು. ಈಗಿನ ಹುಡುಗ್ರು ಆನ್‌ಲೈನ್ಯಾಗ ಈ ಟೇಪ್ ತರಸ್ತಾರ. ಮಣ್ಣಿನ್ಯಾಗ ಒಂದ ಪಟ್ಟು ಬಿತ್ತಂದ್ರ ಎದ್ದು ಬಂದಿರತೈತಿ. ಬೆವರು, ಮಣ್ಣು, ಎಣ್ಣಿ ಇದ್ದಲ್ಲಿ ಅದು ನಿಲ್ಲೂದಿಲ್ರಿ.

ಬೆಳಗಿನ ಓಟ
ಅಣ್ಣಾ, ಚರ್ಮ ಒರೆಸಿ, ಒಣಗಿಸಿ, ಕೂದಲು ಕತ್ತರಿಸಿ ಹಾಕಿದ್ರೆ ಮೂರರಿಂದ ಐದು ದಿನ ನಿಲ್ಲುತ್ತೆ. ನಾನು ಸ್ನಾನವನ್ನೂ ಅದರಲ್ಲೇ ಮಾಡ್ತೀನಿ. ಅದರ ಅಂಟು ಮೈಕಾವಿಗೆ ಹಿಡಿಯುವಂಥದ್ದು. ಹಾಕಿದ ಮೇಲೆ ಅಂಗೈಯಿಂದ ಚೆನ್ನಾಗಿ ಉಜ್ಜಿ, ಓಟಕ್ಕೆ ಒಂದು ಗಂಟೆ ಮುಂಚೆಯೇ ಹಾಕಿಬಿಡಬೇಕು. ಎರಡೂ ತುದಿಯನ್ನ ಎಳೆಯದೆ ಅಂಟಿಸಬೇಕು, ಮೂಲೆಗಳನ್ನ ದುಂಡಗೆ ಕತ್ತರಿಸಬೇಕು. ಇದನ್ನ ಮಾಡದೆ ಟೇಪ್ ಕೆಟ್ಟದ್ದು ಅಂತ ಹೇಳೋದು ಸರಿ ಅಲ್ಲ.

ಮತ್ತೆ ಇದು ನಿನ್ನೆ ಮೊನ್ನೆ ಬಂದ ಫ್ಯಾಷನ್ ಕೂಡ ಅಲ್ಲ. ಜಪಾನಿನ ಕೆಂಜೊ ಕಾಸೆ 1970ರ ದಶಕದಲ್ಲೇ ಮಾಡಿದ್ದು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಬೀಚ್ ವಾಲಿಬಾಲ್‌ನ ಕೆರಿ ವಾಲ್ಶ್ ಭುಜದ ಮೇಲೆ ಕಪ್ಪು ಟೇಪ್ ಹಾಕ್ಕೊಂಡು ಚಿನ್ನ ಗೆದ್ದರು. 2012ರ ಯೂರೋ ಸೆಮಿಫೈನಲ್‌ನಲ್ಲಿ ಬಾಲೊಟೆಲ್ಲಿ ಜರ್ಮನಿ ಮೇಲೆ ಗೋಲು ಹೊಡೆದು ಅಂಗಿ ತೆಗೆದಾಗ ಬೆನ್ನ ಮೇಲೆ ಮೂರು ನೀಲಿ ಪಟ್ಟಿ ಇದ್ದವು. ಅಷ್ಟು ದೊಡ್ಡ ಆಟಗಾರರು, ಅವರ ಡಾಕ್ಟರುಗಳು ಸುಮ್ಮನೆ ಹಾಕ್ತಾರಾ?

ದಾವಣಗೆರೆ ಫಿಸಿಯೋ
ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ನಾನೂ ಕ್ಲಿನಿಕ್‌ನಲ್ಲಿ ಈ ಟೇಪ್ ಹಾಕ್ತೀನಿ, ಅದಕ್ಕೇ ಅದು ಏನು ಮಾಡುತ್ತೆ, ಏನು ಮಾಡಲ್ಲ ಅಂತ ಬಿಡಿಸಿ ಹೇಳಬೇಕು.

ಅದು ಹತ್ತಿ ಬಟ್ಟೆ, ಒಳಗೆ ರಬ್ಬರಿನ ಹಾಗೆ ಹಿಗ್ಗೋ ದಾರ. ಮಾಡಿದವರ ವಾದ ಏನಂದ್ರೆ, ಸ್ವಲ್ಪ ಎಳೆದು ಅಂಟಿಸಿದಾಗ ಚರ್ಮದ ಮೇಲೆ ಸಣ್ಣ ಸಣ್ಣ ನಿರಿಗೆ ಏಳುತ್ತೆ, ಚರ್ಮ ಮೇಲಕ್ಕೆತ್ತಿದ ಹಾಗಾಗಿ ಕೆಳಗೆ ರಕ್ತ, ದುಗ್ಧರಸ ಚೆನ್ನಾಗಿ ಹರಿಯುತ್ತೆ, ಊತ ಇಳಿಯುತ್ತೆ ಅಂತ. ಕೇಳೋಕೆ ಚೆನ್ನಾಗಿದೆ. ಬ್ರೆಜಿಲ್‌ನಲ್ಲಿ ಇದನ್ನೇ ಪರೀಕ್ಷೆ ಮಾಡಿ 2014ರಲ್ಲಿ ಪ್ರಕಟಿಸಿದರು. ಬಹಳ ದಿನದಿಂದ ಸೊಂಟನೋವಿದ್ದ 148 ಜನ. ಅರ್ಧ ಜನಕ್ಕೆ ಎಳೆದು, ನಿರಿಗೆ ಬರುವ ಹಾಗೆ ಹಾಕಿದರು. ಉಳಿದ ಅರ್ಧಕ್ಕೆ ಎಳೆಯದೆ, ನಿರಿಗೆಯೇ ಇಲ್ಲದೆ ಹಾಕಿದರು. ನಾಲ್ಕು ವಾರ ಆದಮೇಲೆ ನೋಡಿದ್ರೆ ಎರಡು ಗುಂಪಿಗೂ ವ್ಯತ್ಯಾಸವೇ ಇಲ್ಲ. ಅಂದ್ರೆ ನಿರಿಗೆಯ ವಾದ ಆ ಪರೀಕ್ಷೆಯಲ್ಲಿ ಗೆಲ್ಲಲಿಲ್ಲ.

ಸ್ನಾಯುವಿಗೆ ಬಲ ಬರುತ್ತೆ ಅನ್ನೋದು ಎರಡನೇ ವಾದ. ಹಾಂಗ್‌ಕಾಂಗ್‌ನವರು 2015ರಲ್ಲಿ ಪ್ರಕಟಿಸಿದ ಪರೀಕ್ಷೆ ನನಗೆ ತುಂಬಾ ಇಷ್ಟ. ಈ ಟೇಪ್ ಏನು ಅಂತಲೇ ಗೊತ್ತಿಲ್ಲದ 30 ಜನರನ್ನ ಕರೆದು, ಸ್ನಾಯು ಅಳೆಯೋ ಸೆನ್ಸರ್ ಅಂಟಿಸ್ತಿದ್ದೀವಿ ಅಂತ ಹೇಳಿ ಟೇಪ್ ಹಾಕಿದರು. ಸರಿಯಾಗಿ ಹಾಕಿದಾಗ, ಸುಮ್ಮನೆ ಅಂಟಿಸಿದಾಗ, ಏನೂ ಹಾಕದಿದ್ದಾಗ, ತೊಡೆಯ ಬಲ ಮೂರು ಸಲವೂ ಒಂದೇ. ಇದು ಬಲ ಕೊಡುತ್ತೆ ಅಂತ ಮೊದಲೇ ನಂಬಿರೋರಿಗೆ ಮಾತ್ರ ಬಲ ಬಂದ ಹಾಗೆ ಅನ್ನಿಸ್ತಿತ್ತೇನೋ ಅನ್ನೋ ಅನುಮಾನ ಅಲ್ಲಿಂದ ಗಟ್ಟಿಯಾಯ್ತು. ಭುಜದ ನೋವಿಗೆ ಇದನ್ನ ಹಾಕಿದ 23 ಪ್ರಯೋಗಗಳನ್ನ ಒಟ್ಟುಗೂಡಿಸಿದ ಕಾಕ್ರೇನ್ ವಿಮರ್ಶೆ 2021ರಲ್ಲಿ ಬಂತು, ಒಟ್ಟು ಸಾವಿರ ಚಿಲ್ಲರೆ ಜನ. ಅಲ್ಲೂ ಧೈರ್ಯವಾಗಿ ಹೇಳುವಂಥ ಲಾಭ ಕಾಣಲಿಲ್ಲ.

ಹಾಗಾದ್ರೆ ನೀವು ಹೇಳಿದ ಆರಾಮ ಸುಳ್ಳಾ? ಅಲ್ಲವೇ ಅಲ್ಲ. ಕಾಲು ಬಾಗಿಲಿಗೆ ಬಡಿದಾಗ ಕೈ ತಾನಾಗೇ ಹೋಗಿ ಉಜ್ಜುತ್ತೆ, ನೋವು ಸ್ವಲ್ಪ ತಗ್ಗುತ್ತೆ. ಚರ್ಮದ ಮೇಲೆ ಏನೋ ಹಿತವಾಗಿ ಎಳೀತಾ ಇದ್ರೂ ಕೆಲವರಿಗೆ ಹಾಗೇ ನೋವು ಮಂಕಾಗಬಹುದು. ಬಹಳ ದಿನದ ಮಂಡಿನೋವಿಗೆ, ವ್ಯಾಯಾಮ ಶುರುಮಾಡೋಕೆ ಹೆದರೋರಿಗೆ ನಾನು ಹಾಕೋದು ಅದಕ್ಕೇ. ನೋವು ಕಮ್ಮಿಯಾಗಿ ವ್ಯಾಯಾಮ ಮಾಡ್ತಾರಲ್ಲ, ಅದು ನನಗೆ ಬೇಕಾದದ್ದು.

ಆದ್ರೆ ನೋವು ಮಂಕಾಗೋದೇ ಈ ಮಗುವಿಗೆ ಅಪಾಯ. ಹರಿದ ಲಿಗಮೆಂಟನ್ನ, ಅಂದ್ರೆ ಮೂಳೆಗೆ ಮೂಳೆ ಕಟ್ಟಿ ಹಿಡಿಯೋ ಪಟ್ಟಿಯನ್ನ, ಈ ಟೇಪ್ ಹಿಡಿದಿಡಲ್ಲ. ತನ್ನ ಉದ್ದಕ್ಕಿಂತ ಸುಮಾರು ಅರ್ಧದಷ್ಟು ಹಿಗ್ಗೋ ವಸ್ತು ಅದು. ಪಾದ ಮಡಚಿದ್ರೆ ಅದೂ ಜೊತೆಗೇ ಹಿಗ್ಗುತ್ತೆ. ರಬ್ಬರ್ ಹಗ್ಗದಲ್ಲಿ ಎಮ್ಮೆ ಕಟ್ಟೋಕಾಗುತ್ತಾ?

ಬೆಳಗಿನ ಓಟ
ಮೇಡಂ, ಆ ಸೆನ್ಸರ್ ಪರೀಕ್ಷೆ ಗೊತ್ತಿರಲಿಲ್ಲ. ನನ್ನ ಫಿಸಿಯೋ ಕೂಡ ಟೇಪ್ ಜೊತೆ ಸೊಂಟದ ಪಕ್ಕದ ಸ್ನಾಯುವಿಗೆ, ತೊಡೆಗೆ ವ್ಯಾಯಾಮ ಕೊಟ್ಟಿದ್ದರು, ಎಂಟು ವಾರ ಬಿಡದೆ ಮಾಡಿದ್ದೆ. ಯಾವುದರಿಂದ ವಾಸಿಯಾಯ್ತು ಅಂತ ಹೇಳೋಕೆ ನನ್ನ ಹತ್ರ ದಾರಿ ಇಲ್ಲ. ಆದ್ರೂ ಉದ್ದದ ಓಟಕ್ಕೆ ನಾನು ಹಾಕ್ಕೊಳ್ಳೋದು ಬಿಡಲ್ಲ. ಮಂಡಿ ಬಗ್ಗೆ ಹೆದರಿಕೆ ಇಲ್ಲದೆ ಓಡ್ತೀನಿ, ಅದು ನನಗೆ ದೊಡ್ಡದು. ಈ ಹುಡುಗಿ ವಿಷಯದಲ್ಲಿ ಮಾತ್ರ ನಾನು ಅವಸರ ಮಾಡಿದೆ. ಹೊಸ ಪೆಟ್ಟು, ಊತ ಇರೋ ಕಾಲು. ನನ್ನ ಮಂಡಿಯ ಲೆಕ್ಕ ಇಲ್ಲಿಗೆ ಹೊಂದಲ್ಲ.

ಕುಡ್ಲ ವಾಲಿಬಾಲ್
ನನ್ನ ಅನುಭವವೂ ಒಂದು ಉಂಟು. ಭುಜಕ್ಕೆ ಈ ಟೇಪ್ ಹಾಕಿಸಿದ್ದೆ. ನಮ್ಮ ಕಡೆ ಸೆಕೆ ನಿಮಗೆ ಗೊತ್ತುಂಟಲ್ಲ. ಎರಡನೇ ದಿನ ತುರಿಕೆ ಶುರುವಾಯಿತು, ದುಡ್ಡು ಕೊಟ್ಟದ್ದು ಅಂತ ತೆಗೆಯದೆ ಇಟ್ಟೆ. ನಾಲ್ಕನೇ ದಿನ ಒಂದೇ ಎಳೆತಕ್ಕೆ ಕಿತ್ತೆ ಮಾರಾಯ್ರೆ, ಚರ್ಮ ಸಮೇತ ಬಂತು. ಟೇಪಿನ ಆಕಾರದಲ್ಲೇ ಗುಳ್ಳೆ ಎದ್ದು ಮೂರು ವಾರ ಆಟ ಬಿಡಬೇಕಾಯಿತು, ಭುಜಕ್ಕಲ್ಲ, ಚರ್ಮಕ್ಕೆ. ಯಾರೇ ಹಾಕುವುದಾದರೂ ಮೊದಲು ಒಂದು ಸಣ್ಣ ತುಂಡು ಹಚ್ಚಿ ಒಂದು ದಿನ ನೋಡಿ.

ದಾವಣಗೆರೆ ಫಿಸಿಯೋ
ಕುಡ್ಲದವರ ಮಾತಿಗೆ ಸೇರಿಸ್ತೀನಿ. ತೆಗೆಯುವಾಗ ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಡಿ. ಆಮೇಲೆ ಕೂದಲು ಬೆಳೆದ ದಿಕ್ಕಿನಲ್ಲೇ ಚರ್ಮವನ್ನ ಒಂದು ಕೈಯಲ್ಲಿ ಒತ್ತಿ ಹಿಡಿದು ನಿಧಾನಕ್ಕೆ ಸುರುಳಿ ಸುತ್ತಿ. ತುರಿಕೆ ಅಂದ್ರೆ ಅವತ್ತೇ ತೆಗೀಬೇಕು. ಗಾಯ, ಹುಣ್ಣು, ಸೋಂಕು ಇರೋ ಚರ್ಮದ ಮೇಲೆ ಬೇಡವೇ ಬೇಡ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿರೋರು, ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂತ ಅನುಮಾನ ಇರೋರು, ಹೃದಯ ಅಥವಾ ಕಿಡ್ನಿ ತೊಂದರೆಯಿಂದ ಕಾಲು ಊದಿರೋರು ಡಾಕ್ಟರನ್ನ ಕೇಳದೆ ಮುಟ್ಟಬಾರದು. ಬಣ್ಣದ ವಿಚಾರ ಪ್ರತಿವಾರ ಯಾರಾದ್ರೂ ಕೇಳ್ತಾರೆ: ಕಪ್ಪು ಗಟ್ಟಿ, ನೀಲಿ ತಂಪು ಅನ್ನೋದೆಲ್ಲ ಇಲ್ಲ, ಒಂದೇ ಟೇಪ್.

ಹಾಸನದ ಅಪ್ಪ
ಮೇಡಂ, ಈಗಷ್ಟೇ ನೀವು ಹೇಳಿದ ಹಾಗೆ ಮಾಡಿದೆ. ನಾಲ್ಕು ಹೆಜ್ಜೆ ಇಟ್ಟಳು. ಒಳಗಿನ ಗಿಣ್ಣು, ಪಾದದ ಮೂಳೆ ಏನೂ ನೋವಿಲ್ಲ. ಹೊರಗಿನ ಗಿಣ್ಣಿನ ಹಿಂದೆ, ತುದಿಯಿಂದ ಒಂದೆರಡು ಬೆರಳು ಮೇಲೆ ಒತ್ತಿದಾಗ ಅಪ್ಪಾ ಅಂತ ಕೂಗಿಕೊಂಡು ಕಾಲು ಎಳೆದುಕೊಂಡಳು. ಮೂರು ದಿನದಿಂದ ಏನಿಲ್ಲ ಏನಿಲ್ಲ ಅಂತಿದ್ದ ಮಗು. ಅವಳು ನೋವು ಮುಚ್ಚಿಟ್ಟಿದ್ದಳು ಅಂತ ನನಗೆ ಈಗ ಗೊತ್ತಾಯ್ತು. ನಾಳೆ ಹಾಸನಕ್ಕೆ ಕರ್ಕೊಂಡು ಹೋಗ್ತೀನಿ.

ಪಿಟಿ ಮೇಷ್ಟ್ರು
ಮುಚ್ಚಿಡ್ತಾರೆ ಸರ್. ಹೆಣ್ಣುಮಕ್ಕಳು ಇನ್ನೂ ಜಾಸ್ತಿ ಮುಚ್ಚಿಡ್ತಾರೆ. ನೋವು ಅಂದ್ರೆ ಸಾಕು, ಆಟ ಬಿಡು ಅಂತ ಮನೆಯಲ್ಲಿ ಹೇಳಿಬಿಡ್ತಾರೆ ಅನ್ನೋ ಭಯ ಅವರಿಗೆ. ಒಂದು ಮಾತು ಅವಳಿಗೆ ಇವತ್ತೇ ಹೇಳಿ: ಈ ಪಂದ್ಯ ಬಿಟ್ರೂ ಕಬಡ್ಡಿ ಬಿಡಿಸಲ್ಲ ಅಂತ. ಅದನ್ನ ಕೇಳಿದ ಮೇಲೆ ಮಕ್ಕಳು ನಿಜ ಹೇಳ್ತಾರೆ.

ಮೆಲ್ಬರ್ನ್ ಕನ್ನಡತಿ
ನಾನು ಇಲ್ಲಿ ನರ್ಸ್, ಮಗ ಶಾಲೆಯಲ್ಲಿ ಫುಟ್ಬಾಲ್ ಆಡ್ತಾನೆ. ಇಲ್ಲಿ ಕ್ರೀಡೆಯಲ್ಲಿ ಹೆಚ್ಚು ಕಾಣೋದು ಹಿಗ್ಗದ ಕಂದು ಟೇಪ್. ಮಂಡಿಚಿಪ್ಪಿಗೆ ಟೇಪ್ ಹಾಕುವ ಒಂದು ಹೆಸರಾಂತ ವಿಧಾನ ಇಲ್ಲಿಯದ್ದೇ, ಜೆನ್ನಿ ಮೆಕ್‌ಕಾನೆಲ್ ಅನ್ನೋ ಫಿಸಿಯೋ 1986ರಲ್ಲಿ ಬರೆದದ್ದು. ಅಲ್ಲೂ ಬಿಗಿಯಾದ ಟೇಪ್‌ನಿಂದ ನೋವು ತಗ್ಗಿಸಿ, ಜೊತೆಗೇ ತೊಡೆಗೆ ವ್ಯಾಯಾಮ. ಗಿಣ್ಣಿಗೆ ಹಿಮ್ಮಡಿ ಕೆಳಗಿಂದ ಎರಡೂ ಕಡೆ ಮೇಲಕ್ಕೆ ಪಟ್ಟಿ ಎಳೆದು, ಎಂಟರ ಆಕಾರದಲ್ಲಿ ಸುತ್ತಿ, ಹಿಮ್ಮಡಿಗೆ ಬೀಗ ಹಾಕಿದ ಹಾಗೆ ಕಟ್ತಾರೆ. ಪಾದ ಮಡಚೋಕೆ ಹೋದ್ರೆ ಅದು ತಡೆಯುತ್ತೆ. ಎರಡೂ ಟೇಪ್ ಅಂತಲೇ ಕರೆಯೋದ್ರಿಂದ ಜನ ಎರಡನ್ನೂ ಒಂದೇ ಅಂದುಕೊಳ್ತಾರೆ.

ದಾವಣಗೆರೆ ಫಿಸಿಯೋ
ಅಕ್ಕ, ನೀವು ಹೇಳಿದ ವ್ಯತ್ಯಾಸವೇ ಈ ಚರ್ಚೆಯಲ್ಲಿ ಎಲ್ಲರಿಗೂ ಗೊತ್ತಾಗಬೇಕಾದ್ದು. ನಮ್ಮ ಔಷಧಿ ಅಂಗಡಿಗಳಲ್ಲಿ ಸಿಗೋ ಬಿಳಿ ಜಿಂಕ್ ಆಕ್ಸೈಡ್ ಟೇಪ್ ಆ ಹಿಗ್ಗದ ಜಾತಿಯದ್ದು. ಅದಕ್ಕೂ ಒಂದು ಮಿತಿ ಇದೆ, ಅರ್ಧ ಗಂಟೆ ಆಡಿದ ಮೇಲೆ ಬೆವರಿಗೆ ಸಡಿಲ ಆಗ್ತಾ ಬರುತ್ತೆ. ಲೇಸ್ ಕಟ್ಟುವ ಗಿಣ್ಣಿನ ಬ್ರೇಸ್ (ಗಿಣ್ಣನ್ನ ಬಿಗಿಯಾಗಿ ಹಿಡಿದಿಡೋ ಕವಚ) ಬಗ್ಗೆ ಅಮೆರಿಕದ ವಿಸ್ಕಾನ್ಸಿನ್‌ನ ಪ್ರೌಢಶಾಲೆ ಬಾಸ್ಕೆಟ್‌ಬಾಲ್ ಮಕ್ಕಳ ಮೇಲೆ ದೊಡ್ಡ ಅಧ್ಯಯನ ಆಗಿದೆ, 1,460 ಮಕ್ಕಳು, 2011ರಲ್ಲಿ ಪ್ರಕಟ. ಬ್ರೇಸ್ ಹಾಕಿದವರಲ್ಲಿ ಗಿಣ್ಣಿನ ಪೆಟ್ಟು ಹಾಕದವರ ಮೂರನೇ ಒಂದು ಭಾಗದಷ್ಟೇ ಇತ್ತು. ಆದ್ರೆ ಇದೆಲ್ಲ ವಾಸಿಯಾದ ಮೇಲೆ ಮತ್ತೆ ಉಳುಕದ ಹಾಗೆ ಕಾಯೋಕೆ. ಊದಿರೋ ಕಾಲನ್ನ ಪಂದ್ಯಕ್ಕೆ ಎಬ್ಬಿಸೋಕಲ್ಲ.

ಹಾಸನದ ಅಪ್ಪ (ಮರುದಿನ ಸಂಜೆ)
ಎಕ್ಸ್-ರೇ ಆಯ್ತು. ಮೂಳೆ ಮುರಿದಿರೋದು ಕಾಣಿಸ್ತಿಲ್ಲ ಅಂದ್ರು. ಆದ್ರೆ ಡಾಕ್ಟರ್ ಅದೇ ಜಾಗ ಒತ್ತಿ ನೋಡಿ, ಈ ವಯಸ್ಸಲ್ಲಿ ಮೂಳೆ ಬೆಳೆಯೋ ಜಾಗ ಇನ್ನೂ ಮೆತ್ತಗಿರಬಹುದು, ಅಲ್ಲಿ ಪೆಟ್ಟಾದ್ರೆ ಎಕ್ಸ್-ರೇಯಲ್ಲಿ ಕಾಣದೇ ಇರಬಹುದು ಅಂತ ಹೇಳಿದ್ರು. ಮೂರು ವಾರಕ್ಕೆ ಅಂತ ಗಿಣ್ಣು ಅಲುಗದ ಹಾಗೆ ಹಿಡಿಯೋ ಒಂದು ಬೂಟು ಹಾಕಿ ಕಳಿಸಿದ್ದಾರೆ, ಆಮೇಲೆ ಮತ್ತೆ ತೋರಿಸಬೇಕು. ಜಿಲ್ಲಾ ಪಂದ್ಯ ಇಲ್ಲ. ಬಸ್ಸಲ್ಲಿ ಹಾಸನದಿಂದ ಊರು ತಲುಪೋವರೆಗೂ ಅತ್ತಳು. ಮೇಷ್ಟ್ರು ಹೇಳಿದ ಮಾತು ಹೇಳಿದೆ, ಕಬಡ್ಡಿ ಬಿಡಿಸಲ್ಲ ಅಂತ. ಆಗ ಸುಮ್ಮನಾದಳು. ಕೋಚ್‌ಗೆ ಫೋನ್ ಮಾಡಿ ಎಕ್ಸ್-ರೇ ವಿಷಯ ತಿಳಿಸಿದೆ. ಅವರು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ, ಆಮೇಲೆ ಟೀಮ್ ಜೊತೆ ಅವಳನ್ನೂ ಕರ್ಕೊಂಡು ಹೋಗ್ತೀನಿ, ಬೆಂಚಲ್ಲಿ ಕೂರಲಿ ಅಂದ್ರು.

ಗರಡಿ ಮನಿ
ಭಾಳ ಚೊಲೊ ಮಾಡಿದ್ರಿ. ನಮ್ಮಲ್ಲಿ ಒಬ್ಬ ಹುಡುಗ ಹಿಂಗ ನೋವು ನುಂಗಿ ಆಡಿ ಆಡಿ ಈಗ ಸಪಾಟ ರಸ್ತೇದಾಗ ನಡದ್ರೂ ಕಾಲು ಹೊಳ್ಳತೈತ್ರಿ ಅವಂಗ. ಇಪ್ಪತ್ತೆರಡು ವರ್ಷ ವಯಸ್ಸು ಅಷ್ಟ.

ದಾವಣಗೆರೆ ಫಿಸಿಯೋ
ಗರಡಿ ಮನೆಯವರು ಹೇಳಿದ್ದೇ ನಾವು ಹೆದರೋದು. ಲಿಗಮೆಂಟ್ ಹಗ್ಗ ಮಾತ್ರ ಅಲ್ಲ, ಪಾದ ಯಾವ ಕೋನದಲ್ಲಿದೆ ಅಂತ ಮೆದುಳಿಗೆ ಸುದ್ದಿ ಕಳಿಸೋದೂ ಅದೇ. ಹರಿದು ಕೂಡಿಕೊಂಡ ಮೇಲೂ ಆ ಸುದ್ದಿ ತಡವಾಗಿ ಹೋಗುತ್ತೆ, ಅದಕ್ಕೇ ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಉಳುಕೋದು. ಅಣ್ಣಾ, ಡಾಕ್ಟರ್ ಬೂಟು ತೆಗೆದು ಸರಿ ಅಂದ ಮೇಲೆ ಅವಳಿಗೆ ನಿಜವಾದ ಕೆಲಸ ಶುರು. ಒಂಟಿ ಕಾಲಲ್ಲಿ ನಿಲ್ಲೋದು, ಮೊದಲು ಕಣ್ಣು ಬಿಟ್ಟು, ಆಮೇಲೆ ಮುಚ್ಚಿ. ಹಿಮ್ಮಡಿ ಎತ್ತೋದು, ಎರಡು ಕಾಲಲ್ಲಿ, ಆಮೇಲೆ ಒಂದರಲ್ಲಿ. ಕುಂಟೆಬಿಲ್ಲೆ ಆಡೋ ಹಾಗೆ ಕುಪ್ಪಳಿಸಿ, ಬಲಗಾಲಷ್ಟೇ ದೂರ ಎಡಗಾಲಲ್ಲೂ ಹಾರುವಂತಾದಾಗ ಓಟ, ಆಮೇಲೆ ತಿರುವು, ಕೊನೆಗೆ ರೈಡು. ದಿನ ಎಣಿಸಬೇಡಿ, ಇವು ಆಗುತ್ತಾ ಅಂತ ನೋಡಿ.

ಹಾಸನದ ಅಪ್ಪ (ಐದು ವಾರದ ನಂತರ)
ಎಲ್ಲರಿಗೂ ತಿಳಿಸಬೇಕು ಅನ್ನಿಸಿತು. ಬೂಟು ತೆಗೆದಿದ್ದಾರೆ, ಒತ್ತಿದ್ರೆ ನೋವಿಲ್ಲ. ಟೀಮ್ ಜಿಲ್ಲೆಯಲ್ಲಿ ಎರಡನೇ ಪಂದ್ಯ ಸೋತಿತು. ಇವಳು ಬೆಂಚಲ್ಲಿ ಕೂತು ಎದುರು ಟೀಮಿನ ರೈಡರ್‌ಗಳು ಯಾವ ಕಡೆ ತಿರುಗ್ತಾರೆ ಅಂತ ನೋಟ್‌ಬುಕ್ಕಲ್ಲಿ ಬರ್ಕೊಂಡಿದ್ದಳಂತೆ, ಕೋಚ್ ಹೇಳಿದ್ರು. ಈಗ ದಿನಾ ಬೆಳಿಗ್ಗೆ ಒಂಟಿ ಕಾಲಲ್ಲಿ ನಿಂತು ಹಲ್ಲುಜ್ಜುತ್ತಾಳೆ. ಕಣ್ಣು ಮುಚ್ಚಿದ್ರೆ ಎಡಗಾಲು ಇನ್ನೂ ಹತ್ತು ಸೆಕೆಂಡಿಗೇ ಅಲುಗುತ್ತೆ, ಬಲಗಾಲು ಅರ್ಧ ನಿಮಿಷ ನಿಲ್ಲುತ್ತೆ. ಒಂದು ಪ್ರಶ್ನೆ ಇದೆ. ಆ ಲೇಸ್ ಬ್ರೇಸ್ ತಗೊಳ್ಳಬೇಕು ಅಂತಿದ್ದೀನಿ, ಆದ್ರೆ ನಮ್ಮ ಕಡೆ ಮಣ್ಣಿನ ಅಂಕಣ, ಮಕ್ಕಳು ಬರಿಗಾಲಲ್ಲೇ ಆಡೋದು. ಆಗ ಹೇಗೆ?

ಪಿಟಿ ಮೇಷ್ಟ್ರು
ಬ್ರೇಸ್ ಶೂ ಒಳಗೆ ಹಾಕೋಕೆ ಮಾಡಿರೋದು ಸರ್, ಬರಿಗಾಲಿಗೆ ಮಣ್ಣಲ್ಲಿ ಜಾರುತ್ತೆ. ಮ್ಯಾಟ್ ಮೇಲೆ ಶೂ ಹಾಕಿ ಆಡುವಾಗ ಬ್ರೇಸ್ ಹಾಕ್ಸಿ, ಕೊಳ್ಳೋಕೆ ಹೋಗುವಾಗ ಅವಳ ಶೂ ತಗೊಂಡೇ ಹೋಗಿ. ಮಣ್ಣಿಗೆ ಬಿಳಿ ಟೇಪೇ ಸರಿ, ಕಟ್ಟೋದು ಗೊತ್ತಿರೋರ ಹತ್ರ ಕೋಚ್ ಒಮ್ಮೆ ಕೂತು ಕಲಿತ್ರೆ ಇಡೀ ಟೀಮಿಗೆ ಆಗುತ್ತೆ.

ದಾವಣಗೆರೆ ಫಿಸಿಯೋ
ಹೌದು. ಎಡಗಾಲು ಕಣ್ಣು ಮುಚ್ಚಿ ಬಲಗಾಲಷ್ಟೇ ಹೊತ್ತು ನಿಲ್ಲೋವರೆಗೆ ರೈಡ್ ಬೇಡ ಅಣ್ಣಾ. ಕೋಚ್ ದಾವಣಗೆರೆ ಕಡೆ ಬಂದ್ರೆ ಭಾನುವಾರ ಕಳಿಸಿ, ನಾನೇ ಕಟ್ಟೋದು ಹೇಳಿಕೊಡ್ತೀನಿ. ಎರಡು ರೋಲ್ ಬಿಳಿ ಟೇಪ್, ಒಂದು ಕತ್ತರಿ ತರಲಿ, ಸಾಕು.